ಗಲ್ಫ್ ರಸ್ತೆಗಳಲ್ಲಿ ಜೀವ ಕಾಪಾಡಿಕೊಳ್ಳುವುದು ಹೇಗೆ?

ಮಗ ದುಬೈಗೋ ದಮ್ಮಾಮಿಗೋ ಕೆಲಸಕ್ಕೆ ಹೊರಟು ನಿಂತಾಗ ಮನೆಯವರು ಏನೆಲ್ಲ ಕಟ್ಟಿಕೊಡುತ್ತಾರೆ! ಉಪ್ಪಿನಕಾಯಿ, ಹಪ್ಪಳ, ಸಾಂಬಾರು ಪುಡಿ, ತಲೆಗೆ ಹಚ್ಚುವ ಎಣ್ಣೆ. ಹೋದ ಮೇಲೂ ಫೋನಿನಲ್ಲಿ ವಿಚಾರಣೆ ತಪ್ಪುವುದಿಲ್ಲ. ಊಟ ಸೇರುತ್ತದೆಯೇ, ಬಿಸಿಲು ತಡೆಯಲಾಗುತ್ತದೆಯೇ, ನೀರು ಸಾಕಷ್ಟು ಕುಡಿಯುತ್ತೀಯಾ? ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ 'ಕಾರಿನಲ್ಲಿ ಹಿಂದೆ ಕೂತಾಗಲೂ ಬೆಲ್ಟ್ ಹಾಕುತ್ತೀಯಾ?' ಎಂದು ಕೇಳುವ ತಂದೆ ತಾಯಿ ಅಪರೂಪ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ರಸ್ತೆ ಅಪಘಾತಗಳಲ್ಲಿ ಮಡಿದವರು ಸುಮಾರು 11 ಲಕ್ಷ 90 ಸಾವಿರ. 5ರಿಂದ 29 ವರ್ಷದವರ ಸಾವಿನ ಕಾರಣಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಯಾವ ಕಾಯಿಲೆಗೂ ಅಲ್ಲ, ರಸ್ತೆಗೆ. ಗಲ್ಫಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಈ ವಯಸ್ಸಿನವರು ಅಥವಾ ಇದಕ್ಕಿಂತ ತುಸು ಹಿರಿಯರು. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಇವರ ದುಡಿಮೆಯಿಂದ. ಆದ್ದರಿಂದ ಈ ವಾರ ಅಲ್ಲಿನ ರಸ್ತೆಯನ್ನೇ ಆರೋಗ್ಯದ ವಿಷಯವಾಗಿ ತೆಗೆದುಕೊಳ್ಳೋಣ.

ರಸ್ತೆ ಒಳ್ಳೆಯದು, ಓಡಿಸುವ ರೀತಿ?

ಅಲ್ಲಿಂದ ರಜೆಗೆ ಬಂದವರು ಮೊದಲು ಹೊಗಳುವುದು ರಸ್ತೆಗಳನ್ನು. ಗುಂಡಿಯಿಲ್ಲ, ದನಗಳಿಲ್ಲ, ಒಂದೊಂದು ಬದಿಗೆ ನಾಲ್ಕೈದು ಲೇನ್‌ಗಳು. ಹೊಗಳಿಕೆ ನ್ಯಾಯವಾದದ್ದೇ. ಆದರೆ ಅಪಾಯದ ಮೂಲವೂ ಅಲ್ಲೇ ಇದೆ. ನಮ್ಮಲ್ಲಿ ಗುಂಡಿಯೇ ವೇಗಕ್ಕೆ ಕಡಿವಾಣ. ಅಲ್ಲಿ ಹೆದ್ದಾರಿಯ ವೇಗಮಿತಿಯೇ ಗಂಟೆಗೆ 120 ಕಿ.ಮೀ., ಕೆಲವೆಡೆ 140. ಮಿತಿಯನ್ನು ಮೀರಿ ಹೋಗುವವರು ಬೇರೆ. ಈ ವೇಗದಲ್ಲಿ ಮುಂದಿನ ಕಾರಿನ ಬಾಲಕ್ಕೆ ಅಂಟಿಕೊಂಡು ಬರುವುದು, ಹೆಡ್‌ಲೈಟ್ ಮಿಣುಕಿಸಿ ದಾರಿ ಕೇಳುವುದು, ಎಡತುದಿಯ ಲೇನ್‌ನಿಂದ ಬಲಗಡೆಯ ತಿರುವಿಗೆ ಕೊನೆಯ ಕ್ಷಣದಲ್ಲಿ ನಾಲ್ಕೂ ಲೇನ್ ದಾಟಿ ನುಗ್ಗುವುದು, ರಸ್ತೆಯಂಚಿನ ತುರ್ತು ಪಟ್ಟಿಯಲ್ಲಿ ಓವರ್‌ಟೇಕ್ ಮಾಡುವುದು, ಸ್ಟಿಯರಿಂಗ್ ಹಿಡಿದುಕೊಂಡೇ ಮೊಬೈಲ್ ನೋಡುವುದು: ಇವು ಅಲ್ಲಿ ದಿನನಿತ್ಯ ಕಾಣುವ ದುರಭ್ಯಾಸಗಳು. ಸೌದಿ ಅರೇಬಿಯಾದ ಕೆಲವು ಯುವಕರು ಖಾಲಿ ರಸ್ತೆಗಳಲ್ಲಿ ಕಾರನ್ನು ಅಡ್ಡಡ್ಡಲಾಗಿ ಜಾರಿಸುತ್ತ ಸಾಹಸ ಪ್ರದರ್ಶನ ಮಾಡುವುದೂ ಉಂಟು. ಗುಂಪು ಸೇರಿರುವುದು ಕಂಡರೆ ನಿಂತು ನೋಡಬೇಡಿ, ಗಾಡಿ ತಿರುಗಿಸಿಕೊಂಡು ಬೇರೆ ದಾರಿ ಹಿಡಿಯಿರಿ.

ಇದೆಲ್ಲ ಅರಬರ ಗುಣ ಎಂದು ಕೈ ತೊಳೆದುಕೊಳ್ಳುವವರಿದ್ದಾರೆ. ಇದು ನ್ಯಾಯವಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಸಿಸುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೊರನಾಡಿನವರು, ಅವರಲ್ಲಿ ಭಾರತೀಯರದೇ ದೊಡ್ಡ ಪಾಲು. ಕೈರೋದ ಅಭ್ಯಾಸ, ಕರಾಚಿಯ ಅಭ್ಯಾಸ, ಮನಿಲಾದ ಅಭ್ಯಾಸ, ನಮ್ಮ ಬೆಂಗಳೂರಿನ ಅಭ್ಯಾಸ ಎಲ್ಲವೂ ಒಂದೇ ರಸ್ತೆಗೆ ಬಂದು ಸೇರುತ್ತವೆ. ಒಬ್ಬನ ಸನ್ನೆ ಇನ್ನೊಬ್ಬನಿಗೆ ಬೇರೆಯೇ ಅರ್ಥ ಕೊಡುತ್ತದೆ. ಎದುರಿನ ಗಾಡಿ ಲೈಟ್ ಮಿಣುಕಿಸಿದರೆ ನಮ್ಮೂರಿನಲ್ಲಿ 'ನಾನು ಬರುತ್ತಿದ್ದೇನೆ, ನೀನು ನಿಲ್ಲು' ಎಂದರ್ಥ. ಇಂಗ್ಲೆಂಡಿನಲ್ಲಿ ಕಲಿತವನು 'ನೀವು ಮೊದಲು ಹೋಗಿ' ಎನ್ನಲು ಅದನ್ನೇ ಮಾಡುತ್ತಾನೆ. ಲೈಟಿನ ಭಾಷೆಯನ್ನು ನಂಬಿ ಯಾವತ್ತೂ ಮುಂದೆ ನುಗ್ಗಬೇಡಿ. ಗಾಡಿ ನಿಜವಾಗಿ ನಿಂತಿತೇ ಎಂದು ನೋಡಿಯೇ ಹೆಜ್ಜೆ ಇಡಿ.

ಆ ಸರ್ಕಾರಗಳು ಕೈಕಟ್ಟಿ ಕುಳಿತಿವೆ ಎನ್ನುವಂತಿಲ್ಲ. 2008ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ರಸ್ತೆಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. 2023ರಲ್ಲಿ ಆ ಸಂಖ್ಯೆ 352. ಈ ನಡುವೆ ವಾಹನಗಳ ಸಂಖ್ಯೆ ಏರುತ್ತಲೇ ಇತ್ತು ಎಂಬುದನ್ನು ಗಮನಿಸಬೇಕು. ಸೌದಿಯಲ್ಲಿ 2016ರಲ್ಲಿ 9 ಸಾವಿರ ದಾಟಿದ್ದ ಸಾವುಗಳು ಮುಂದಿನ ಐದು ವರ್ಷಗಳಲ್ಲಿ ಅರ್ಧದಷ್ಟಕ್ಕೆ ಇಳಿದವು. ಕ್ಯಾಮೆರಾ, ದುಬಾರಿ ದಂಡ, ಬೆಲ್ಟ್ ಕಡ್ಡಾಯ ಇವೆಲ್ಲ ಫಲ ಕೊಟ್ಟಿವೆ. ಆದರೂ ಹಠಾತ್ತನೆ ಲೇನ್ ಬದಲಿಸುವುದು, ಅಂತರ ಬಿಡದೆ ಬೆನ್ನು ಹತ್ತುವುದು, ಗಮನ ಬೇರೆಡೆ ಇರುವುದು ಇವು ಅಪಘಾತದ ಕಾರಣಗಳಾಗಿ ಅಲ್ಲಿನ ವಾರ್ಷಿಕ ಲೆಕ್ಕಗಳಲ್ಲಿ ಇಂದಿಗೂ ಮುಂಚೂಣಿಯಲ್ಲಿವೆ.

ಇನ್ನೊಬ್ಬ ಚಾಲಕನನ್ನು ತಿದ್ದುವುದು ಪೊಲೀಸರ ಕೆಲಸ, ನಿಮ್ಮದಲ್ಲ. ನಿಮ್ಮ ಕೈಯಲ್ಲಿರುವುದು ನಿಮ್ಮ ಸುತ್ತ ಇರುವ ಜಾಗ, ನಿಮ್ಮ ಎದೆಯ ಮೇಲಿನ ಬೆಲ್ಟು, ನಿಮ್ಮ ನಿದ್ದೆ ಮತ್ತು ನಿಮ್ಮ ಸಿಟ್ಟು. ಸೊಳ್ಳೆಯನ್ನು ಊರಿನಿಂದಲೇ ಓಡಿಸಲಾಗದಿದ್ದರೂ ಪರದೆ ಕಟ್ಟಿಕೊಂಡು ಮಲಗುತ್ತೇವಲ್ಲ, ಹಾಗೆ.

ಬೆನ್ನು ಬಿಡದ ಬೇತಾಳ

ನೀವು ಎಡಗಡೆಯ ಲೇನ್‌ನಲ್ಲಿ 120ರಲ್ಲಿ ಹೋಗುತ್ತಿದ್ದೀರಿ. ಕನ್ನಡಿಯಲ್ಲಿ ದೂರದಲ್ಲಿ ಚುಕ್ಕೆಯಷ್ಟಿದ್ದ ದೊಡ್ಡ ಜೀಪೊಂದು ಕ್ಷಣಾರ್ಧದಲ್ಲಿ ಕನ್ನಡಿ ತುಂಬಿಕೊಳ್ಳುತ್ತದೆ. ಅದರ ನಂಬರ್ ಫಲಕವೂ ಕಾಣದಷ್ಟು ಹತ್ತಿರ. ಲೈಟ್ ಮಿಣುಕು, ಮತ್ತೆ ಮಿಣುಕು. ಗಲ್ಫಿನಲ್ಲಿ ಗಾಡಿ ಓಡಿಸಿದ ಪ್ರತಿಯೊಬ್ಬರಿಗೂ ಇದು ಗೊತ್ತು.

ಆಗ ದೇಹದೊಳಗೆ ಏನಾಗುತ್ತದೆ? ಅಡ್ರಿನಲಿನ್ ಹರಿಯುತ್ತದೆ. ಎದೆ ಬಡಿತ, ರಕ್ತದೊತ್ತಡ ಏರುತ್ತವೆ. ಅಂಗೈ ಬೆವರುತ್ತದೆ. ಕಣ್ಣಿನ ಗಮನ ಕಿರಿದಾಗಿ ಕನ್ನಡಿಯಲ್ಲೇ ನೆಟ್ಟುಬಿಡುತ್ತದೆ, ಮುಂದಿನ ರಸ್ತೆ ಮಸುಕಾಗುತ್ತದೆ. ಈ ಸ್ಥಿತಿಯಲ್ಲಿ ಮನುಷ್ಯ ಮಾಡುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು. ಹೆದರಿದವನು ಇನ್ನೂ ಜೋರಾಗಿ ಓಡಿಸುತ್ತಾನೆ. ಸಿಟ್ಟು ಬಂದವನು ಪಾಠ ಕಲಿಸಲೆಂದು ಬ್ರೇಕ್ ಮುಟ್ಟುತ್ತಾನೆ. ಎರಡೂ ಜೀವಕ್ಕೆ ಎರವು.

ಮಾಡಬೇಕಾದುದು ಬೇರೆ. ಮೊದಲು ಆಕ್ಸಿಲರೇಟರ್ ಮೇಲಿನ ಕಾಲನ್ನು ಹಾಗೇ ಸ್ಥಿರವಾಗಿ ಇಡಿ. ವೇಗ ಹೆಚ್ಚಿಸಬೇಡಿ, ಬ್ರೇಕ್ ತುಳಿಯಬೇಡಿ. ಬಲಗಡೆಯ ಇಂಡಿಕೇಟರ್ ಹಾಕಿ. ಆತನಿಗೆ ನಿಮ್ಮ ಉದ್ದೇಶ ತಿಳಿದರೆ ಅರ್ಧ ಒತ್ತಡ ಅಲ್ಲಿಗೇ ಇಳಿಯುತ್ತದೆ. ಬಲಗಡೆಯ ಕನ್ನಡಿ ನೋಡಿ, ಒಮ್ಮೆ ಭುಜದ ಮೇಲಿಂದಲೂ ನೋಡಿ, ಜಾಗ ಸಿಕ್ಕಾಗ ಸರಿಯಿರಿ. ಜಾಗ ಸಿಗುವವರೆಗೆ ಅವನು ಕಾಯಲಿ. ಅವನ ಅವಸರಕ್ಕೆ ನೀವು ಲಾರಿಯ ಪಕ್ಕಕ್ಕೆ ತೂರಿಕೊಳ್ಳಬೇಕಾಗಿಲ್ಲ. ಈ ಹೊತ್ತಿನಲ್ಲಿ ಮುಂದಿನ ವಾಹನದಿಂದ ನಿಮ್ಮ ಅಂತರವನ್ನು ತುಸು ಹೆಚ್ಚಿಸಿಕೊಳ್ಳಿ. ಆಗ ಮುಂದೆ ಏನಾದರೂ ಆದರೆ ನೀವು ನಿಧಾನವಾಗಿ ಬ್ರೇಕ್ ಹಾಕಬಹುದು, ಹಿಂದಿನವನಿಗೂ ನಿಲ್ಲಲು ಸಮಯ ಸಿಗುತ್ತದೆ. ಬಾಲ ಹಿಡಿದವನಿಗೂ ಸೇರಿ ಇಬ್ಬರ ಅಂತರವನ್ನು ನೀವೊಬ್ಬರೇ ಬಿಡಬೇಕು. ಇದು ಅನ್ಯಾಯವೆನಿಸಬಹುದು, ಆದರೆ ಬೇರೆ ದಾರಿಯಿಲ್ಲ.

ಇನ್ನೂ ಒಳ್ಳೆಯ ಉಪಾಯವೆಂದರೆ ಎಡತುದಿಯ ಲೇನ್‌ನಲ್ಲಿ ವಾಸ ಮಾಡದಿರುವುದು. ಅಲ್ಲಿ ವಾಹನಗಳು ಬಲಗಡೆ ಚಲಿಸುವುದರಿಂದ ಎಡತುದಿ ಓವರ್‌ಟೇಕ್ ಮಾಡುವವರಿಗೆ ಮೀಸಲು. 'ನಾನು ಮಿತಿಯಷ್ಟೇ ಹೋಗುತ್ತಿದ್ದೇನೆ, ನನ್ನನ್ನು ಸರಿಸಲು ಇವನ್ಯಾರು?' ಎಂದು ಅಲ್ಲೇ ಪಟ್ಟು ಹಿಡಿದು ಕೂರುವ ನಮ್ಮವರೂ ಇದ್ದಾರೆ. ತತ್ತ್ವ ಸರಿಯಿರಬಹುದು. ಆದರೆ ಶರೀರ ಶಾಸ್ತ್ರಕ್ಕೆ ತತ್ತ್ವ ಗೊತ್ತಿಲ್ಲ. ಮಧ್ಯದ ಲೇನ್‌ಗಳು ಇರುವುದು ಇಂಥವರಿಗಾಗಿಯೇ.

ಸನ್ನೆ ಮಾಡುವ ವಿಚಾರದಲ್ಲಿ ಒಂದು ಎಚ್ಚರಿಕೆಯ ಮಾತು. ಬೆರಳು ತೋರಿಸುವುದು, ಬೈಯುವುದು ಅಲ್ಲಿ ಬರಿಯ ಅಸಭ್ಯತೆಯಲ್ಲ, ಅಪರಾಧ. ಇದೊಂದೇ ಕಾರಣಕ್ಕೆ ವಿದೇಶಿಯರು ಕೋರ್ಟು ಕಂಡು ಗಡೀಪಾರಾದ ಪ್ರಸಂಗಗಳಿವೆ. ಕಣ್ಣಿಗೆ ಕಣ್ಣು ಕೊಡದೆ ಮುಂದೆ ನೋಡಿ. ಅವನು ದಾಟಿ ಹೋದ ಮೇಲೂ ಎದೆ ಬಡಿತ ಇಳಿಯಲು ಸ್ವಲ್ಪ ಹೊತ್ತು ಬೇಕು. ರಕ್ತದೊತ್ತಡ ಅಥವಾ ಹೃದ್ರೋಗ ಇರುವವರಂತೂ ಮುಂದಿನ ಪೆಟ್ರೋಲ್ ಪಂಪಿನಲ್ಲಿ ಗಾಡಿ ನಿಲ್ಲಿಸಿ, ಇಳಿದು, ಒಂದು ಲೋಟ ನೀರು ಕುಡಿದು ಮುಂದುವರಿದರೆ ಒಳ್ಳೆಯದು.

ಸಾವಿರದ ಒಂದು, ಸಾವಿರದ ಎರಡು

ಅಂತರ ಎಷ್ಟಿರಬೇಕು? ಮೀಟರುಗಳಲ್ಲಿ ಹೇಳಿದರೆ ಓಡುತ್ತಿರುವ ಗಾಡಿಯಲ್ಲಿ ಯಾರಿಗೂ ಅಂದಾಜಾಗದು. ಅದಕ್ಕೆ ಸುಲಭ ಉಪಾಯವಿದೆ. ಮುಂದಿನ ಕಾರು ಒಂದು ದೀಪದ ಕಂಬವನ್ನು ದಾಟಿದಾಗ ಮನಸ್ಸಿನಲ್ಲೇ ಎಣಿಸಿ: ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು. ನೀವು ಆ ಕಂಬವನ್ನು ಮುಟ್ಟುವುದು ಮೂರು ಮುಗಿದ ಮೇಲೆಯೇ ಇರಬೇಕು. ಗಂಟೆಗೆ 120 ಕಿ.ಮೀ. ಎಂದರೆ ಸೆಕೆಂಡಿಗೆ 33 ಮೀಟರ್. ಮೂರು ಸೆಕೆಂಡೆಂದರೆ 100 ಮೀಟರ್. ಬಹಳವಾಯಿತು ಎನ್ನುತ್ತೀರಾ? ಎದುರಿಗೆ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಆರೋಗ್ಯವಂತನಿಗೇ ಒಂದು, ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲೇ 33ರಿಂದ 50 ಮೀಟರ್ ಹೋಗಿಬಿಟ್ಟಿರುತ್ತದೆ. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 80 ಮೀಟರ್. 60 ಕಿ.ಮೀ. ವೇಗದಲ್ಲಾದರೆ ಬ್ರೇಕ್ ಹಿಡಿದ ಮೇಲೆ 20 ಮೀಟರ್ ಸಾಕು. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟು, ಇದು ಶಾಲೆಯ ಭೌತಶಾಸ್ತ್ರ.

ನೀವು ಬಿಟ್ಟ ಜಾಗಕ್ಕೆ ಇನ್ನೊಬ್ಬ ಬಂದು ತೂರಿಕೊಳ್ಳುತ್ತಾನೆ, ಇದು ಖಂಡಿತ. ಆಗ ಕಾಲು ಸಡಿಲಿಸಿ ಮತ್ತೆ ಅಂತರ ಮಾಡಿಕೊಳ್ಳಿ. ದಾರಿಯುದ್ದಕ್ಕೂ ಹೀಗೆ ಇಪ್ಪತ್ತು ಮಂದಿ ತೂರಿದರೂ ಮನೆ ಸೇರುವುದು ಒಂದೋ ಎರಡೋ ನಿಮಿಷ ತಡವಾದೀತು.

ಇಲ್ಲೊಂದು ಸೂಕ್ಷ್ಮವಿದೆ. ಕೆಟ್ಟ ಚಾಲನೆ ಅಂಟುರೋಗ. ಹೊಸದಾಗಿ ಲೈಸೆನ್ಸ್ ಪಡೆದವನು ಮೊದಲ ತಿಂಗಳು ಎಲ್ಲ ನಿಯಮ ಪಾಲಿಸುತ್ತಾನೆ. ಮೂರನೆಯ ತಿಂಗಳು ಇಂಡಿಕೇಟರ್ ಮರೆಯುತ್ತಾನೆ. ಆರನೆಯ ತಿಂಗಳು ಅವನೇ ಇನ್ನೊಬ್ಬನ ಬೆನ್ನ ಹಿಂದೆ ಲೈಟ್ ಮಿಣುಕಿಸುತ್ತಿರುತ್ತಾನೆ. ಸುತ್ತಲಿನ ಎಲ್ಲರೂ ಮಾಡುವುದು ತಪ್ಪೆಂದು ಅನಿಸುವುದೇ ನಿಂತುಹೋಗುತ್ತದೆ. ನಿಮಗೆ ಈ ಸೋಂಕು ತಗುಲಿದೆಯೇ ಎಂದು ಪಕ್ಕದಲ್ಲಿ ಕೂರುವ ಹೆಂಡತಿಯನ್ನೋ ರೂಮಿನ ಗೆಳೆಯನನ್ನೋ ಕೇಳಿ. ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿದ್ದರೆ ಉತ್ತರ ಸಿಕ್ಕಂತೆಯೇ.

ಬೆಲ್ಟು, ಬಾಣಂತಿ ಮತ್ತು ಅಜ್ಜಿ

ಗಂಟೆಗೆ 50 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದು ಸುಮಾರು ಮೂರನೆಯ ಮಹಡಿಯಿಂದ ಬೀಳುವುದಕ್ಕೆ ಸಮ. 100 ಕಿ.ಮೀ. ವೇಗವಾದರೆ ಹನ್ನೆರಡನೆಯ ಮಹಡಿ. ಕಾರು ಗುದ್ದಿ ನಿಂತರೂ ಒಳಗಿರುವ ಶರೀರ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಶರೀರ ನಿಂತರೂ ಅದರೊಳಗಿನ ಮೆದುಳು, ಪಿತ್ತಜನಕಾಂಗ, ಗುಲ್ಮ, ಹೃದಯದಿಂದ ಹೊರಡುವ ಮಹಾರಕ್ತನಾಳ ಇವು ಇನ್ನೂ ಮುಂದೆ ಹೋಗಲು ಹವಣಿಸುತ್ತವೆ. ಹೊರಗೆ ಗಾಯ ಕಾಣದವನೂ ಒಳಗೆ ರಕ್ತ ಸೋರಿ ಸಾಯುವುದು ಹೀಗೆ. ಬೆಲ್ಟು ಮಾಡುವ ಕೆಲಸ ಎರಡು. ಶರೀರವನ್ನು ಕಾರಿನೊಂದಿಗೇ ನಿಧಾನವಾಗಿ ನಿಲ್ಲಿಸುತ್ತದೆ ಮತ್ತು ಆ ಪೆಟ್ಟನ್ನು ಮೆತ್ತಗಿನ ಹೊಟ್ಟೆಯ ಮೇಲೆ ಹಾಕದೆ ಸೊಂಟ, ಎದೆಗೂಡು, ಭುಜದ ಗಟ್ಟಿ ಮೂಳೆಗಳ ಮೇಲೆ ಹಂಚುತ್ತದೆ. ಸ್ವೀಡನ್ನಿನ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ ಮೂರು ಬಿಂದುಗಳ ಬೆಲ್ಟೇ ಇಂದಿಗೂ ಎಲ್ಲ ಕಾರುಗಳಲ್ಲಿರುವುದು. ಮುಂದಿನ ಸೀಟಿನವರ ಸಾವಿನ ಅಪಾಯವನ್ನು ಅದು ಅರ್ಧದಷ್ಟು ಕಡಿಮೆ ಮಾಡುತ್ತದೆ.

ಹಿಂದಿನ ಸೀಟಿನ ಬಗ್ಗೆ ನಮ್ಮವರಿಗೆ ವಿಚಿತ್ರ ಧೈರ್ಯ. ಹಿಂದೆ ಕೂತರೆ ಏನೂ ಆಗದು ಎಂಬ ನಂಬಿಕೆ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಬಳಿ ತೀರಿಕೊಂಡದ್ದು ಒಳ್ಳೆಯ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕದೆ ಕೂತಿದ್ದಾಗ. ಹಿಂದೆ ಬೆಲ್ಟಿಲ್ಲದೆ ಕೂತವನು ತಾನು ಸಾಯುವುದಷ್ಟೇ ಅಲ್ಲ, ಮುಂದೆ ಬೆಲ್ಟ್ ಹಾಕಿ ಕೂತವನ ಬೆನ್ನಿಗೆ ಅಪ್ಪಳಿಸಿ ಅವನನ್ನೂ ಕೊಲ್ಲಬಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2017ರ ಜುಲೈಯಿಂದ ಎಲ್ಲ ಪ್ರಯಾಣಿಕರಿಗೂ ಬೆಲ್ಟ್ ಕಡ್ಡಾಯ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಮಗು ಸೀಟೂ ಕಡ್ಡಾಯ.

ಇಲ್ಲಿ ಮಗಳ ಬಾಣಂತನಕ್ಕೆಂದು ಹೋಗುವ ತಾಯಂದಿರಿಗೆ ವಿಶೇಷವಾಗಿ ಹೇಳಬೇಕಾದ ಮಾತಿದೆ. ಆಸ್ಪತ್ರೆಯಿಂದ ಮನೆಗೆ ಬರುವಾಗ ಅಳಿಯ ಮಗು ಸೀಟು ತಂದಿರುತ್ತಾನೆ. 'ಮೂರು ದಿನದ ಹಸುಗೂಸನ್ನು ಹೀಗೆ ಪಟ್ಟಿ ಬಿಗಿದು ಕೂರಿಸುವುದೇ? ನನ್ನ ಮಡಿಲಲ್ಲಿ ಕೊಡಿ' ಎಂದು ಅಜ್ಜಿ ಹಟ ಹಿಡಿಯುತ್ತಾರೆ. ಪ್ರೀತಿಯೇನೋ ದೊಡ್ಡದು. ಆದರೆ ಡಿಕ್ಕಿಯ ಕ್ಷಣದಲ್ಲಿ ಮೂರು ಕಿಲೋದ ಕೂಸಿನ ಭಾರ ಹತ್ತಾರು ಪಟ್ಟು ಏರುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಪೈಲ್ವಾನನ ತೋಳಿಗೂ ಇಲ್ಲ. ಅಜ್ಜಿಗೂ ಬೆಲ್ಟ್ ಇಲ್ಲದಿದ್ದರೆ ಮಗು ಆಕೆಗೂ ಮುಂದಿನ ಸೀಟಿಗೂ ನಡುವೆ ಸಿಕ್ಕಿಬೀಳುತ್ತದೆ. ಕೂಸಿನ ಸೀಟನ್ನು ಹಿಂದಿನ ಸೀಟಿನ ಮೇಲೆ, ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಕಟ್ಟಬೇಕು. ಎಳೆಯ ಕತ್ತು ದುರ್ಬಲ, ತಲೆ ಭಾರ. ಹೀಗೆ ಇಟ್ಟರೆ ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇಂಥ ಸೀಟನ್ನು ಎಂದಿಗೂ ಕಟ್ಟಬಾರದು. ಸಿಡಿದು ಉಬ್ಬುವ ಚೀಲವೇ ಮಗುವಿಗೆ ಮಾರಕ. ದೊಡ್ಡ ಮಕ್ಕಳೂ 145 ಸೆಂ.ಮೀ. ಎತ್ತರ ಬೆಳೆಯುವವರೆಗೆ ಹಿಂದೆ ಕೂರುವುದೇ ಕ್ಷೇಮ. ಮಕ್ಕಳನ್ನು ನಿಲ್ಲಿಸಿದ ಕಾರಿನಲ್ಲಿ 'ಐದೇ ನಿಮಿಷ' ಎಂದು ಬಿಟ್ಟು ಹೋಗುವುದು ಬೇಡವೇ ಬೇಡ. ಬಿಸಿಲಿನಲ್ಲಿ ಹತ್ತು ನಿಮಿಷಕ್ಕೆ ಒಳಗಿನ ಉಷ್ಣತೆ ಸುಮಾರು 10 ಡಿಗ್ರಿ ಏರುತ್ತದೆ.

ಗರ್ಭಿಣಿಯರು ಬೆಲ್ಟ್ ಹಾಕಬಾರದೆಂಬುದು ತಪ್ಪು ಕಲ್ಪನೆ. ಹಾಕಲೇಬೇಕು. ಕೆಳಪಟ್ಟಿ ಹೊಟ್ಟೆಯ ಮೇಲೆ ಬಾರದೆ ಅದರ ಕೆಳಗೆ ಸೊಂಟದ ಮೂಳೆಗಳ ಮೇಲಿರಲಿ, ಓರೆಪಟ್ಟಿ ಸ್ತನಗಳ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಲಿ. ಸೀರೆಯ ಸೆರಗು, ಬುರ್ಖಾ ಬೆಲ್ಟಿನಡಿ ಮುದ್ದೆಯಾಗದಂತೆ ನೋಡಿಕೊಳ್ಳಿ. ಇನ್ನೊಂದು ಚಿಕ್ಕ ಕೆಲಸ: ಸೀಟಿನ ಮೇಲಿನ ತಲೆದಿಂಬನ್ನು ಅದರ ಮೇಲಂಚು ನಿಮ್ಮ ನೆತ್ತಿಯ ಮಟ್ಟಕ್ಕೆ ಬರುವಂತೆ ಎತ್ತರಿಸಿ. ಹಿಂದಿನಿಂದ ಗುದ್ದಿಸಿಕೊಂಡಾಗ ಕತ್ತು ಹಿಂದಕ್ಕೆ ಚಾಟಿಯಂತೆ ಬೀಸಿ ತಿಂಗಳುಗಟ್ಟಲೆ ನರಳುವುದನ್ನು ಇದು ತಪ್ಪಿಸುತ್ತದೆ. ಬೆನ್ನು ಹತ್ತುವವರು ಹೆಚ್ಚಿರುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ನಿದ್ದೆಗೆಟ್ಟ ಚಾಲಕ

ಸೌದಿ, ಕುವೈತ್‌ಗಳಲ್ಲಿ 'ಹೌಸ್ ಡ್ರೈವರ್' ಆಗಿ ದುಡಿಯುವ ನಮ್ಮವರು ಅನೇಕ. ಬೆಳಗಿನ ಜಾವ ಮಕ್ಕಳನ್ನು ಶಾಲೆಗೆ ಬಿಡುವುದರಿಂದ ಹಿಡಿದು ನಡುರಾತ್ರಿ ಮನೆಯವರನ್ನು ಮಾಲ್‌ನಿಂದ ಕರೆತರುವವರೆಗೆ ಕೆಲಸ. 17 ಗಂಟೆ ಎಚ್ಚರವಿದ್ದವನ ಕೈಕಾಲು, ಗಮನಗಳ ಚುರುಕು ಮದ್ಯ ಕುಡಿದವನಷ್ಟೇ ಕುಂದುತ್ತದೆ ಎಂದು 1997ರಲ್ಲೇ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಒಂದು ಹನಿ ಮುಟ್ಟದವನೂ ಹೀಗೆ ಅಮಲಿನಲ್ಲಿ ಗಾಡಿ ಓಡಿಸುತ್ತಿರುತ್ತಾನೆ. ಮರುಭೂಮಿಯ ನೇರ ರಸ್ತೆ, ಎ.ಸಿ.ಯ ತಂಪು, ಊಟದ ನಂತರದ ಮಂಪರು ಸೇರಿದರೆ ಕಣ್ಣು ತೆರೆದಿದ್ದಂತೆಯೇ ಮೆದುಳು ಮೂರು ಸೆಕೆಂಡು ನಿದ್ದೆ ಹೋಗುತ್ತದೆ. ಆ ಮೂರು ಸೆಕೆಂಡಿನಲ್ಲಿ ಗಾಡಿ 100 ಮೀಟರ್ ಹೋಗಿರುತ್ತದೆ.

ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ನಿದ್ದೆಗೆ ಔಷಧಿಯಲ್ಲ. ನಿದ್ದೆಗೆ ನಿದ್ದೆಯೇ ಔಷಧಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಲೋಟ ಗಟ್ಟಿ ಕಾಫಿ ಕುಡಿದು, ಕೂಡಲೇ ಹದಿನೈದಿಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಏಳುವ ಹೊತ್ತಿಗೆ ಕಾಫಿಯೂ ಕೆಲಸ ಶುರು ಮಾಡಿರುತ್ತದೆ. ಮನೆ ಚಾಲಕರು ಎರಡು ಓಡಾಟಗಳ ನಡುವಿನ ಬಿಡುವನ್ನು ಮೊಬೈಲಿನಲ್ಲಿ ಕಳೆಯದೆ ಮಲಗಬೇಕು. ನಿದ್ದೆ ತಡೆಯಲಾಗದಿದ್ದರೆ ಮಾಲೀಕರಿಗೆ ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಬೇಕು. ತಮ್ಮ ಮಕ್ಕಳು ಕೂರುವ ಕಾರಿನ ಚಾಲಕ ತೂಕಡಿಸುವುದು ಯಾವ ತಾಯಿಗೂ ಬೇಡ. ಹಾಗೆ ಹೇಳಿದರೆ ಕೇಳುವವರೇ ಹೆಚ್ಚು.

ನೆಗಡಿ, ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳು ಮಂಪರು ತರುತ್ತವೆ. ನುಂಗುವ ಮುನ್ನ ಔಷಧಿ ಅಂಗಡಿಯವರನ್ನು ಕೇಳಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು ಗಾಡಿ ಹತ್ತುವ ಮೊದಲು ಸಕ್ಕರೆ ಪರೀಕ್ಷಿಸಿಕೊಂಡು, ಕೈಗೆಟಕುವಲ್ಲಿ ಸಿಹಿ ಇಟ್ಟುಕೊಳ್ಳಬೇಕು. ರಂಜಾನ್ ತಿಂಗಳಲ್ಲಿ ಉಪವಾಸವಿರುವವರು ವೈದ್ಯರೊಡನೆ ಮೊದಲೇ ಮಾತನಾಡಿರಬೇಕು. ಆ ತಿಂಗಳಲ್ಲಿ ಸೂರ್ಯಾಸ್ತಕ್ಕೆ ಮುಂಚಿನ ಅರ್ಧ ಗಂಟೆ ಎಲ್ಲರಿಗೂ ಮನೆ ಸೇರುವ ಅವಸರ. ಸ್ವಯಂಸೇವಕರು ಸಿಗ್ನಲ್‌ಗಳಲ್ಲಿ ಖರ್ಜೂರ, ನೀರು ಹಂಚುವುದೇ ಈ ಅವಸರ ತಗ್ಗಲೆಂದು. ಉಪವಾಸವಿಲ್ಲದವರು ಆ ಹೊತ್ತಿಗೆ ರಸ್ತೆಗೆ ಇಳಿಯದಿರುವುದೇ ಜಾಣತನ.

ಮಂಜು, ಒಂಟೆ, ಟೈರು

ಮರಳುಗಾಡಿನಲ್ಲಿ ಮಂಜೇ ಎಂದು ಹೊಸಬರು ನಗುತ್ತಾರೆ. ಚಳಿಗಾಲದ ಮುಂಜಾನೆ ಅಲ್ಲಿನ ಕರಾವಳಿಯಲ್ಲಿ ಬೀಳುವ ಮಂಜು ನಮ್ಮ ಆಗುಂಬೆಗೂ ಕಡಿಮೆಯಿಲ್ಲ. 2008ರ ಮಾರ್ಚ್ 11ರಂದು ಅಬುಧಾಬಿ-ದುಬೈ ಹೆದ್ದಾರಿಯಲ್ಲಿ ಮಂಜಿನ ನಡುವೆ ಸುಮಾರು 200 ವಾಹನಗಳು ಒಂದರ ಹಿಂದೊಂದು ಗುದ್ದಿಕೊಂಡಿದ್ದವು. ಮಂಜು ಕಂಡರೆ ಒಂದು ಗಂಟೆ ತಡವಾಗಿ ಹೊರಡಿ. ಹೊರಟಿದ್ದರೆ ಕೆಳಗಿನ ಬೆಳಕು ಹಾಕಿ, ವೇಗ ಇಳಿಸಿ, ಅಂತರ ದುಪ್ಪಟ್ಟು ಮಾಡಿ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸಬೇಡಿ, ಹಿಂದಿನವನಿಗೆ ನೀವು ನಿಂತಿದ್ದೀರೋ ಹೋಗುತ್ತಿದ್ದೀರೋ ತಿಳಿಯದು.

ಒಂಟೆಯದು ಬೇರೆಯೇ ಅಪಾಯ. ಉದ್ದ ಕಾಲಿನ ಮೇಲೆ ಭಾರದ ಒಡಲು. ಕಾರು ಅದರ ಕಾಲಿಗೆ ತಗುಲಿದಾಗ ಒಡಲು ಬಾನೆಟ್ ದಾಟಿ ಮುಂಗಾಜಿನ ಮೇಲೆ, ಚಾಲಕನ ತಲೆ ಮತ್ತು ಕತ್ತಿನ ಮೇಲೆ ಬೀಳುತ್ತದೆ. ಬೇಲಿಯಿಲ್ಲದ ಒಳರಸ್ತೆಗಳಲ್ಲಿ ರಾತ್ರಿ ಓಡಾಟ ಆದಷ್ಟೂ ತಪ್ಪಿಸಿ.

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಮುದ್ರೆಯಿರುತ್ತದೆ. 2321 ಎಂದಿದ್ದರೆ ಅದು 2021ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಆ ಬಿಸಿಲಿಗೆ ಹಳೆಯ ಟೈರು, ಗಾಳಿ ಕಡಿಮೆಯಿರುವ ಟೈರು ಎರಡೂ ಸಿಡಿಯುತ್ತವೆ. ಸಿಡಿದರೆ ಬ್ರೇಕ್ ಒದೆಯಬೇಡಿ. ಸ್ಟಿಯರಿಂಗ್ ಎರಡೂ ಕೈಯಲ್ಲಿ ಬಿಗಿಹಿಡಿದು, ಕಾಲು ತೆಗೆದು, ಗಾಡಿ ತಾನಾಗಿ ನಿಧಾನವಾದ ಮೇಲೆ ಬದಿಗೆ ತನ್ನಿ.

ಹೊಸಬರು, ಕಾಲ್ನಡಿಗೆಯವರು

ಊರಿನಿಂದ ಬಂದ ಮೊದಲ ವಾರಗಳಲ್ಲಿ ಕಾಲ್ನಡಿಗೆಯವರಿಗೇ ಹೆಚ್ಚು ಅಪಾಯ. ನಾವು ಹುಟ್ಟಿದಾಗಿನಿಂದ ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡಿದವರು. ಅಲ್ಲಿ ವಾಹನ ಬರುವುದು ಎಡದಿಂದ. ನೋಡಿ ಯಾವುದೂ ಇಲ್ಲವೆಂದು ಇಳಿದರೆ ಬೆನ್ನ ಹಿಂದಿನಿಂದ ಬಂದಿರುತ್ತದೆ. ಎಡ, ಬಲ, ಮತ್ತೆ ಎಡ ಎಂದು ಬಾಯಿಬಿಟ್ಟು ಹೇಳಿಕೊಂಡೇ ದಾಟಿ, ನಾಚಿಕೆ ಬೇಡ. ಮೇಲ್ಸೇತುವೆ ದೂರವೆಂದು ಹೆದ್ದಾರಿಗೆ ಅಡ್ಡ ಓಡಬೇಡಿ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2025ರ ಮಾರ್ಚ್ ಕೊನೆಯಲ್ಲಿ ಜಾರಿಗೆ ಬಂದ ಕಾನೂನಿನಂತೆ ವೇಗದ ರಸ್ತೆಯನ್ನು ಹೀಗೆ ದಾಟಿದವರಿಗೆ ಜೈಲು ಶಿಕ್ಷೆಗೂ ಅವಕಾಶವಿದೆ. ಗಾಡಿ ಓಡಿಸುವ ಹೊಸಬರು ತಪ್ಪು ಬದಿಗೆ ಹೋಗುವುದು ದಟ್ಟಣೆಯಲ್ಲಲ್ಲ, ಖಾಲಿ ರಸ್ತೆಯಲ್ಲಿ, ಪೆಟ್ರೋಲ್ ಪಂಪಿನಿಂದ ಹೊರಬರುವಾಗ. ಚಾಲಕನ ಭುಜ ಯಾವಾಗಲೂ ರಸ್ತೆಯ ನಡುಭಾಗದ ಕಡೆಗಿರಬೇಕು ಎಂದು ನೆನಪಿಟ್ಟರೆ ಸಾಕು.

ಮನೆಯವರ ಫೋನು

ಇದು ಊರಿನಲ್ಲಿರುವವರಿಗೆ. ನಮ್ಮಲ್ಲಿ ರಾತ್ರಿ ಎಂಟಾದಾಗ ದುಬೈಯಲ್ಲಿ ಆರೂವರೆ, ಸೌದಿ ಮತ್ತು ಕುವೈತ್‌ನಲ್ಲಿ ಐದೂವರೆ. ಊಟಕ್ಕೆ ಮುಂಚೆ ಮಗನೊಡನೆ ಒಂದು ಮಾತಾಡೋಣ ಎಂದು ನೀವು ಫೋನು ಮಾಡುವ ಹೊತ್ತಿಗೆ ಅವನು ದುಬೈಯಿಂದ ಶಾರ್ಜಾದ ಮನೆಗೆ ಮರಳುವ ವಾಹನಗಳ ಸಾಗರದಲ್ಲಿರುತ್ತಾನೆ. ಚಾಲನೆಯಲ್ಲಿ ಫೋನ್ ಬಳಸುವವನಿಗೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು. ಕಿವಿಗೆ ತಂತಿ ಸಿಕ್ಕಿಸಿಕೊಂಡರೂ ಮನಸ್ಸು ಊರಿನ ಜಮೀನಿನ ತಗಾದೆಯಲ್ಲೋ ತಂಗಿಯ ಮದುವೆಯ ಖರ್ಚಿನಲ್ಲೋ ಇರುತ್ತದೆ, ರಸ್ತೆಯಲ್ಲಲ್ಲ. ಅವನು ಮನೆ ಸೇರಿ ತಾನೇ ಕರೆ ಮಾಡುವಂತೆ ಹೊತ್ತು ಗೊತ್ತು ಮಾಡಿಕೊಳ್ಳಿ. ನೀವು ಕರೆದಾಗ 'ಗಾಡಿಯಲ್ಲಿದ್ದೇನೆ' ಎಂದರೆ ಆ ಕ್ಷಣವೇ ಇಟ್ಟುಬಿಡಿ. ಕೆಟ್ಟ ಸುದ್ದಿಯಂತೂ ಅವನು ಎಲ್ಲಿದ್ದಾನೆ ಎಂದು ಕೇಳದೆ ಹೇಳಲೇಬೇಡಿ.

ಅಪಘಾತವಾದರೆ

ಸಣ್ಣ ಡಿಕ್ಕಿಯಾದರೆ ನಡುರಸ್ತೆಯಲ್ಲಿ ಇಳಿದು ವಾದಕ್ಕೆ ನಿಲ್ಲುವುದು ನಮ್ಮೂರಿನ ಚಟ. ಅಲ್ಲಿ ಎರಡನೆಯ ಗಾಡಿ ಬಂದು ಗುದ್ದುವುದೇ ಮೊದಲನೆಯದಕ್ಕಿಂತ ಭೀಕರ. ಗಾಡಿ ಚಲಿಸುವಂತಿದ್ದರೆ ಬದಿಗೆ ತನ್ನಿ, ಎಲ್ಲರೂ ಇಳಿದು ತಡೆಬೇಲಿಯ ಆಚೆ ನಿಂತು ಫೋನು ಮಾಡಿ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಪೊಲೀಸರಿಗೆ 999, ಆಂಬುಲೆನ್ಸಿಗೆ 998, ಸೌದಿಯಲ್ಲಿ ಆಂಬುಲೆನ್ಸಿಗೆ 997, ಕುವೈತ್‌ನಲ್ಲಿ 112, ಒಮಾನಿನಲ್ಲಿ 9999, ಕತಾರ್ ಮತ್ತು ಬಹರೈನ್‌ನಲ್ಲಿ 999.

ಗಾಯಗೊಂಡವರನ್ನು ಬೆಂಕಿಯ ಭಯವಿಲ್ಲದಿದ್ದರೆ ಎಳೆದು ಹೊರತೆಗೆಯಬೇಡಿ. ಕತ್ತಿನ ಮೂಳೆ ಮುರಿದಿದ್ದರೆ ಒಂದು ಎಳೆತಕ್ಕೆ ಜೀವನಪೂರ್ತಿ ಪಾರ್ಶ್ವವಾಯುವಾದೀತು. ತಲೆ, ಕತ್ತು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ರಕ್ತ ಚಿಮ್ಮುತ್ತಿದ್ದರೆ ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ, ತೆಗೆದು ತೆಗೆದು ನೋಡಬೇಡಿ. ನೀರು, ಚಹಾ ಕುಡಿಸಬೇಡಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು.

'ನನಗೇನೂ ಆಗಿಲ್ಲ' ಎಂದು ಅಪಘಾತದ ಸಂಜೆಯೇ ರೂಮಿಗೆ ಮರಳಿ ಮಲಗುವವರ ವಿಷಯದಲ್ಲಿ ಜೊತೆಯವರು ಒಂದೆರಡು ದಿನ ಕಣ್ಣಿಟ್ಟಿರಬೇಕು. ಹೆಚ್ಚುತ್ತಾ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಮಾತಿನಲ್ಲಿ ತೊದಲು, ಹೊಟ್ಟೆ ಅಥವಾ ಎಡಭುಜದ ನೋವು, ಮೂತ್ರದಲ್ಲಿ ರಕ್ತ, ಉಸಿರಾಡುವಾಗ ಎದೆಯಲ್ಲಿ ಚುಚ್ಚುವಿಕೆ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಮೈಗಾಯ ಮಾಸಿದ ಮೇಲೂ ಕೆಲವರಿಗೆ ನಿದ್ದೆ ಬಾರದು, ಬ್ರೇಕಿನ ಸದ್ದಿಗೆ ಬೆಚ್ಚುತ್ತಾರೆ, ಕಾರು ಹತ್ತಲು ಕೈಕಾಲು ನಡುಗುತ್ತದೆ. ಇದು ಹೇಡಿತನವಲ್ಲ. ಒಂದು ತಿಂಗಳಾದರೂ ತಗ್ಗದಿದ್ದರೆ ಮನೋವೈದ್ಯರಲ್ಲಿ ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ.